ಶನಿವಾರ ಕೊಂಡ ದುರ್ಬೀನು

ಲಿಂಗರಾಜ್ ನಮ್ಮ ಬಾಗಿಲು ತಟ್ಟಿದ್ದು ಅದೇ ಮೊದಲು. ಮಗು ಕೆಮ್ಮಿ ಕೆಮ್ಮಿ ಆಗಷ್ಟೇ ಮಲಗಿತ್ತು. ಅವರು ತಟ್ಟಿದ್ದು ಮೆಲ್ಲಗೇ. ಆದರೂ ನನಗೆ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಹೆದರಿಕೆ.

ಹೊಸಪೇಟೆಯ ಅಂಚಿನ ಚಿತ್ತವಾಡ್ಗಿಯ ಆ ಮನೆಯ ಮುಂಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಹಿಂಭಾಗದಲ್ಲಿ ಮನೆಯ ಯಜಮಾನತಿ ಗಾಳೆಮ್ಮ, ಅವರ ಮಗ ಲಿಂಗರಾಜ್, ಸೊಸೆ ಅನ್ನಪೂರ್ಣ. ಮೈಸೂರಿನಲ್ಲಿ ಹುಟ್ಟಿ, ಓದಿ, ಮದುವೆಯಾಗಿ ಹೊಸಪೇಟೆಗೆ ಬಂದ ನನಗೆ ಈ ಊರಿನಲ್ಲಿ ಎಲ್ಲದರ ಮೇಲೂ ಅನುಮಾನ. ನೀರಿನ ಮೇಲೆ, ಹಾಲಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಕೆಂಪು ಧೂಳಿನ ಮೇಲೆ. ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ. ಕಿಟಕಿಗೆ ಒದ್ದೆ ಸೀರೆ ಕಟ್ಟುತ್ತಿದ್ದೆ. ಸಂಜೆಯೊಳಗೆ ಅದು ಕಾವಿ ಬಣ್ಣಕ್ಕೆ ತಿರುಗುತ್ತಿತ್ತು. ನನ್ನ ಗಂಡ ಪ್ರಾಣೇಶ್ ಸಂಡೂರಿನ ಗಣಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದರು. ಬೆಳಿಗ್ಗೆ ಕಂಪನಿಯ ಜೀಪು ಬಂದು ಅವರನ್ನು ಆ ಲಾರಿಗಳ ನಡುವೆಯೇ ಕರೆದೊಯ್ಯುತ್ತಿತ್ತು. ಸಂಜೆ ಜೀಪಿನ ಸದ್ದು ಕೇಳುವವರೆಗೂ ನನ್ನ ಜೀವ ನನ್ನಲ್ಲಿರುತ್ತಿರಲಿಲ್ಲ.

ಆ ರಸ್ತೆಯ ಒಂದು ತಿರುವಿನಲ್ಲೇ ಲಿಂಗರಾಜ್ ಓಡಿಸುತ್ತಿದ್ದ ಅದಿರಿನ ಟಿಪ್ಪರ್ ಲಾರಿಗೆ ಸಿಕ್ಕಿ ಒಬ್ಬ ಮನುಷ್ಯ ಸತ್ತಿದ್ದ. ನಾವು ಮುಂಗಡ ಕೊಟ್ಟು ಸಾಮಾನು ಇಳಿಸಿದ ಮೇಲೆ ಎದುರಿನ ಕಿರಾಣಿ ಅಂಗಡಿಯವರು ಇದನ್ನು ಹೇಳಿದರು. ತಪ್ಪು ಲಿಂಗರಾಜರದಲ್ಲ ಎಂದು ಕೇಸು ಮುಗಿದಿತ್ತಂತೆ. ಆದರೆ ಅವರು ಆಮೇಲೆ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಮನೆಯ ಹೊಸಿಲು ದಾಟುವುದೂ ಅಪರೂಪ. ಅಂಥವರ ಗೋಡೆಗೆ ತಾಗಿದ ಕೋಣೆಯಲ್ಲಿ ನನ್ನ ಮಗು ಮಲಗುತ್ತದಲ್ಲ ಎಂದು ಹಾಸಿಗೆಯನ್ನು ಆ ಗೋಡೆಯಿಂದ ಈ ಗೋಡೆಗೆ ಎಳೆದಿದ್ದೆ.

ಬಾಗಿಲು ತೆರೆದರೆ ತೆಳ್ಳಗೆ, ಗಡ್ಡ ಬಿಟ್ಟುಕೊಂಡು, ಎರಡೂ ಕೈ ಹಿಂದಕ್ಕೆ ಕಟ್ಟಿ ನಿಂತಿದ್ದರು.

"ಅಕ್ಕಾರ, ನಿಮಗ ಇಂಗ್ಲೀಷ್ ಓದಾಕ ಬರ್ತೈತಲ್ರಿ? ಒಂದೀಟು ಬಂದು ಏನ್ ಬರದಾರ ಹೇಳ್ರಿ. ಬಂದೂಕ ತಗೋಬೇಕು."

"ಬಂದೂಕೇ?" ಬಾಗಿಲನ್ನು ಅರ್ಧ ಮುಂದಕ್ಕೆ ದೂಡಿದೆ.

"ಕಂಪ್ಯೂಟರಿನ್ಯಾಗ್ರಿ."

ಹಿತ್ತಲಿನ ಕಡೆಯಿಂದ ಅನ್ನಪೂರ್ಣ ಕೂಗಿ ಹೇಳಿದಳು: "ಬರ್ರಿ ಅಕ್ಕಾರ, ಹೆದರಬ್ಯಾಡ್ರಿ. ಇರುವಿ ಸೈತ ಹೊಡ್ಯಾಂಗಿಲ್ಲ ಆ ಮನಿಷ್ಯಾ."

ಆ ಕಂಪ್ಯೂಟರ್ ಅವರ ಒಳ್ಳೆಯ ದಿನಗಳಲ್ಲಿ ಬಂದದ್ದು. ಆಗ ಟಿಪ್ಪರ್ ಓಡಿಸುವವರ ಮನೆಗಳಿಗೆ ಫ್ರಿಜ್ಜು, ದೊಡ್ಡ ಟೀವಿ, ಮೋಟರ್ ಸೈಕಲ್ಲು ಹೀಗೆ ಒಂದರ ಹಿಂದೊಂದು ಬರುತ್ತಿದ್ದವು. ಆ ಸಾಲಿನಲ್ಲಿ ಇದೂ ಬಂದಿತ್ತು. ಅನ್ನಪೂರ್ಣ ಹೊಲಿದ ಕಸೂತಿ ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿ ಕೂತಿತ್ತು. ಇತ್ತೀಚೆಗೆ ಜೊತೆಯ ಡ್ರೈವರೊಬ್ಬ ಬಂದು, "ಕಾರ್ ರೇಸ್ ಆಡಲೇ, ಕೈ ನಡುಗೂದು ನಿಂದರ್ತೈತಿ" ಎಂದು ಸೀಡಿ ಕೊಟ್ಟು ಹೋಗಿದ್ದ. ಪರದೆಯ ಮೇಲೆ ರಸ್ತೆ ತಮ್ಮತ್ತ ಓಡಿಬರುವುದನ್ನು ನೋಡಿ ಲಿಂಗರಾಜ್ ಎದ್ದುಹೋಗಿ ವಾಂತಿ ಮಾಡಿಕೊಂಡಿದ್ದರು. ಅದೇ ಸೀಡಿಯಲ್ಲಿ ಬೇಟೆಯ ಆಟವೂ ಇತ್ತು. ಬೇಟೆಯಲ್ಲಿ ರಸ್ತೆ ಇರುವುದಿಲ್ಲ.

ನಾನು ಹೋಗಿ ನೋಡಿದಾಗ ಪರದೆಯ ಮೇಲೊಂದು ಅಂಗಡಿ ತೆರೆದುಕೊಂಡಿತ್ತು. ಕಾಡಿಗೆ ಕಾಲಿಡುವ ಮೊದಲು ಹೊಸಬ ಅಲ್ಲಿ ಸಾಮಾನು ಕೊಳ್ಳಬೇಕು. ಆಟವೇ ಒಂದಿಷ್ಟು ಹಣ ಕೊಟ್ಟಿರುತ್ತದೆ, ಅದು ಎಲ್ಲಕ್ಕೂ ಸಾಲುವುದಿಲ್ಲ. ಉದ್ದ ನಳಿಗೆಯ ಬಂದೂಕುಗಳು, ಮೋಟು ಬಂದೂಕುಗಳು, ಎಲೆ ಬಣ್ಣದ ಅಂಗಿ, ಸದ್ದಾಗದ ಬೂಟು, ಜಿಂಕೆಯನ್ನು ಕರೆಯುವ ಪೀಪಿ, ಮೈವಾಸನೆ ಮುಚ್ಚುವ ಔಷಧ, ದುರ್ಬೀನು. ಬೇಟೆಗೆ ಪರವಾನಗಿಯನ್ನೂ ಕೊಳ್ಳಬೇಕು. ನಾನು ಒಂದೊಂದನ್ನೇ ಓದಿ ಹೇಳಿದೆ. ಲಿಂಗರಾಜ್ ಎಲ್ಲಕ್ಕಿಂತ ದೊಡ್ಡ ಬಂದೂಕಿನ ಮೇಲೆ ಬೆರಳಿಟ್ಟರು.

"ಇದು ಇರ್ಲಿ."

"ಇದು ಹೊಸಬರಿಗಲ್ಲ ಅಂತ ಬರೆದಿದೆ. ಹಿಂದಕ್ಕೆ ಒದೆಯುತ್ತೆ, ಒಂದು ಗುಂಡು ಹಾರಿಸಿದರೆ ಇಡೀ ಕಾಡು ಓಡಿಹೋಗುತ್ತೆ."

"ಹಂಗಾರ ಅದರ ಬಾಜೂದು?"

ಅಷ್ಟರಲ್ಲಿ ಗಾಳೆಮ್ಮ ಬಂದು ಹೊಸಿಲಲ್ಲಿ ನಿಂತರು. "ಏನ್ ಖರೀದಿ ನಡಸೀರಿ?"

"ಬಂದೂಕಬೇ."

"ಇವತ್ತ್ಯಾವ ವಾರ?"

ನಾನು ಗೋಡೆಯ ಕ್ಯಾಲೆಂಡರಿನತ್ತ ನೋಡಿದೆ.

"ಶನಿವಾರ ಕಬ್ಬಿಣ ಮನಿಯೊಳಗ ತರಬ್ಯಾಡ."

"ಯಬೇ, ಅದು ಚಿತ್ರ. ಖರೇ ಬಂದೂಕಲ್ಲ."

"ರೊಕ್ಕ ಕೊಡ್ತಿಯೋ ಇಲ್ಲೋ? ಕೊಟ್ಟು ತಂದದ್ದು ತಂದಂಗ."

ನನಗೆ ನಗು ಬಂತು. ಆದರೆ ಲಿಂಗರಾಜರ ಕೈ ಮೌಸಿನಿಂದ ಹಿಂದೆ ಸರಿದಿತ್ತು. ಅವರ ಮುಖ ನೋಡಿ ನನ್ನ ನಗು ಅಲ್ಲೇ ನಿಂತಿತು. ಅನ್ನಪೂರ್ಣ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು: ಅಪಘಾತವಾದ ಆ ಟಿಪ್ಪರನ್ನು ಸಾಹುಕಾರ ಮರುಳಸಿದ್ದಪ್ಪ ಹೊಸದಾಗಿ ಕೊಂಡಾಗ, ಬಳ್ಳಾರಿಗೆ ಹೋಗಿ ಓಡಿಸಿಕೊಂಡು ಬಂದವರು ಇವರೇ. ಅವತ್ತು ಶನಿವಾರ. ಬೇಡವೆಂದು ಗಾಳೆಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರಂತೆ.

ಒಳಗಿನಿಂದ ಲಿಂಗರಾಜರ ದನಿ ಕೇಳಿತು. "ಅಕ್ಕಾರ, ದುರ್ಬೀನು ಕಬ್ಬಿಣದ್ದೇನ್ರಿ?"

"ಗಾಜು," ಎಂದೆ.

ಗಾಳೆಮ್ಮ ಸ್ವಲ್ಪ ಯೋಚಿಸಿದರು. "ಗಾಜಿಗೆ ದೋಷಿಲ್ಲ."

ಹೀಗೆ ಒಂದು ದುರ್ಬೀನು, ಒಂದು ಪರವಾನಗಿ ಇಷ್ಟನ್ನೇ ಕೊಂಡು ಲಿಂಗರಾಜ್ ಬರಿಗೈಯಲ್ಲಿ ಬೇಟೆಗೆ ಹೋದರು. ಪರದೆಯ ತುಂಬ ಯಾವುದೋ ತಣ್ಣನೆಯ ದೇಶದ ಕಾಡು. ಹುಲ್ಲು, ಹೊಳೆ, ದೂರದಲ್ಲಿ ಹಿಮದ ಗುಡ್ಡ. ದುರ್ಬೀನು ಕಣ್ಣಿಗಿಟ್ಟರೆ ಎಲೆ ಎಲೆ ಬಿಡಿಬಿಡಿಯಾಗಿ ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ ಅವರು ಒಂದೇ ಮಾತು ಹೇಳಿದರು.

"ಇಲ್ಲಿ ಧೂಳಾ ಇಲ್ರಿ ಅಕ್ಕಾರ."

ಮರುದಿನವೂ ಬಂದೂಕು ಕೊಳ್ಳಲಿಲ್ಲ. ಅದರ ಮರುದಿನವೂ ಇಲ್ಲ. ಸೋಮವಾರ ಆಯಿತು, ಮಂಗಳವಾರ ಆಯಿತು. ವಾರದ ದೋಷ ಕಳೆದರೂ ಅವರು ದುರ್ಬೀನಿನಲ್ಲೇ ಇದ್ದರು. ಮಧ್ಯಾಹ್ನ ಮಗು ಶ್ರೀಲಕ್ಷ್ಮಿಯನ್ನು ಎತ್ತಿಕೊಂಡು ನಾನೂ ಹೋಗತೊಡಗಿದೆ. ಆ ಹಿಂದಿನ ಕೋಣೆ ರಸ್ತೆಗೆ ದೂರ, ಅಲ್ಲಿ ಮಗುವಿನ ಕೆಮ್ಮು ಕಡಿಮೆಯಾಗುತ್ತಿತ್ತು ಎಂಬುದು ನಾನು ನನಗೇ ಹೇಳಿಕೊಂಡ ಕಾರಣ. ಶ್ರೀ ಗಾಳೆಮ್ಮನ ತೊಡೆಯ ಮೇಲೆ ಕೂತು "ಜಿಂಕಿ, ಜಿಂಕಿ" ಎನ್ನುತ್ತಿದ್ದಳು. ನಾನು ಕಲಿಸಿದ 'ಜಿಂಕೆ' ಎರಡೇ ದಿನದಲ್ಲಿ ಗಾಳೆಮ್ಮನ 'ಜಿಂಕಿ' ಆಗಿತ್ತು.

ಅನ್ನಪೂರ್ಣ ಕಿಟಕಿಯ ಬಳಿ ಹೊಲಿಗೆ ಮಿಷನ್ನು ತುಳಿಯುತ್ತಲೇ ಕೇಳುವಳು: "ಏನ್ ಸಿಕ್ತ್ರೀ ಕಾಡಿನ್ಯಾಗ? ಒಲಿ ಹಚ್ಚಲೇನು?"

"ಕಾಡ್ಹಂದಿ ಬಂದಿತ್ತು."

"ಏನಂತು?"

"ಅನ್ನಪೂರ್ಣ ಹೆಂಗದಾಳ ಅಂತ ಕೇಳ್ತು."

ಅವಳು ನಕ್ಕು ಮತ್ತೆ ತುಳಿಯುವಳು. ಆದರೆ ಬಟ್ಟೆ ಒಣಹಾಕುವಾಗ ನನ್ನೊಬ್ಬಳ ಹತ್ತಿರ ಬೇರೆಯದೇ ದನಿಯಲ್ಲಿ ಹೇಳಿದಳು. "ಹ್ವಾದ ಬ್ಯಾಸಗ್ಯಾಗ ಕುಂತಾರ್ರಿ, ಇನ್ನೂ ಎದ್ದಿಲ್ಲ. ಟಿಪ್ಪರ್ ಬ್ಯಾಡಂದ್ರ ಬ್ಯಾಡ, ನಾ ಏನ್ ಅದನ್ನ ಕೇಳವಲ್ಲೆ. ಒಟ್ಟು ಹೊರಗ ಬೀಳಬೇಕು ಅಕ್ಕಾರ. ಇಲ್ಲಂದ್ರ ಈ ಮನಿಷ್ಯಾ ಮನಿ ಗ್ವಾಡಿ ಆಗಿಬಿಡ್ತಾರ."

ಅದಾದ ಮೇಲೆ ನಾನು ಆ ಆಟವನ್ನು ನೋಡುವ ರೀತಿಯೇ ಬದಲಾಯಿತು. ಕಾಡು ಅವರನ್ನು ಹೊರಗೆ ಕರೆತರುತ್ತದೋ, ಇನ್ನೂ ಒಳಕ್ಕೆ ಎಳೆದುಕೊಳ್ಳುತ್ತದೋ ಎಂಬ ಚಿಂತೆ ಹತ್ತಿತು. ನನಗೆ ಚಿಂತೆ ಹತ್ತಲು ಇಷ್ಟೇ ಸಾಕು.

ಹೀಗಿರುವಾಗ ಮರುಳಸಿದ್ದಪ್ಪನವರಿಂದ ಮಾತು ಬಂತು. ಮತ್ತೊಂದು ಹೊಸ ಟಿಪ್ಪರ್ ಇಳಿಯಲಿದೆ, ಅಮಾವಾಸ್ಯೆಯ ದಿನ ಪೂಜೆ. ಆ ದಿನ ಲಿಂಗರಾಜ್ ಬಂದು ಕೂತರೆ ಗಾಡಿ ಅವರದು. ಬರದಿದ್ದರೆ ಬೇರೆಯವರು ಕಾದಿದ್ದಾರೆ, ಇನ್ನು ಕರೆಯುವುದಿಲ್ಲ.

ಗುರುವಾರ ಬೆಳಿಗ್ಗೆ ಲಿಂಗರಾಜ್ ಕ್ಷೌರ ಮಾಡಿಕೊಂಡು, ಸ್ನಾನ ಮಾಡಿ ನಮ್ಮ ಬಾಗಿಲಿಗೆ ಬಂದರು.

"ಬಂದೂಕ ತಗೋತೀನಿ ಅಕ್ಕಾರ. ಒಂದ ಜಿಂಕಿ ಹೊಡೀತೀನಿ. ಕೈ ನಡುಗಲಿಲ್ಲಂದ್ರ ಅಮಾಸಿ ದಿನ ಗಾಡಿ ಹತ್ತತೀನಿ. ನಡುಗಿದ್ರ ಇಲ್ಲ. ದೇವರ ಮುಂದ ಹೇಳಿ ಬಂದೀನಿ."

ಶ್ರೀಯನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿ ನಾನು ಮೌಸು ಅವರತ್ತ ಸರಿಸಿದೆ. ಅವರು ಅದನ್ನು ನನ್ನತ್ತಲೇ ತಳ್ಳಿದರು.

"ನೀವ ಒತ್ತರಿ. ಹೊಸಾ ಸಾಮಾನು ಮುತ್ತೈದಿ ಕೈಲಿಂದ ತಗೋಬೇಕಂತಾರ. ನಿಮ್ಮ ಕೈಗುಣ ಚಲೋ ಐತಂತ ಅವ್ವ ಹೇಳ್ತಾಳ. ನೀವು ಬಂದ ಮ್ಯಾಲೆ ಬಾವಿಯೊಳಗ ನೀರು ಏರೇತಿ."

ಬಾವಿಯಲ್ಲಿ ನೀರು ಏರಿದ್ದು ಕಾಲುವೆಗೆ ನೀರು ಬಿಟ್ಟದ್ದರಿಂದ. ಅದನ್ನು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ನಾನು ಒತ್ತುತ್ತೇನೆ, ಇವರ ಕೈ ನಡುಗುವುದಿಲ್ಲ, ಗಾಡಿ ಹತ್ತುತ್ತಾರೆ. ಅದೇ ತಿರುವು, ಅದೇ ಧೂಳು. ಎದುರಿಗೆ ಪ್ರಾಣೇಶರ ಜೀಪು ಬರುತ್ತದೆ. ಒತ್ತದಿದ್ದರೋ? ಅನ್ನಪೂರ್ಣ ಮಿಷನ್ನು ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಿದ್ದಳು. ಯಾವ ಪುಸ್ತಕವೂ ನನಗೆ ಇಂಥದ್ದಕ್ಕೆ ಉತ್ತರ ಕಲಿಸಿರಲಿಲ್ಲ.

"ಯಾವುದು?" ಎಂದು ಕೇಳಿದೆ.

"ದೊಡ್ಡದು ಬ್ಯಾಡ. ಸಣ್ಣದ ಸಾಕು. ಒಂದ ಗುಂಡಿಗೆ ಹೋಗಬೇಕು, ನರಳಬಾರದು ಅದು."

ಉಳಿದ ಹಣಕ್ಕೆ ಒಂದು ಸಾದಾ ಬಂದೂಕು, ಕೆಲವು ಗುಂಡುಗಳು ಬರುತ್ತಿದ್ದವು. ಒತ್ತಿದೆ. ಗಾಳೆಮ್ಮ ಕುಂಕುಮದ ಬೆರಳಿನಿಂದ ಪರದೆಯ ಗಾಜಿಗೆ ಬೊಟ್ಟಿಟ್ಟರು. ಬೊಟ್ಟು ಆಕಾಶದಲ್ಲಿ ಸೂರ್ಯನ ಪಕ್ಕ ಕೂತಿತು.

ಕಾಡಿನಲ್ಲಿ ಅದು ಮಂಜಿನ ಬೆಳಗು. ಇಷ್ಟು ದಿನ ದುರ್ಬೀನು ಹಿಡಿದು ಅಲೆದವರಿಗೆ ಹುಡುಕುವ ಕಷ್ಟವಿರಲಿಲ್ಲ. ಹೊಳೆಯ ಯಾವ ದಂಡೆಗೆ ಯಾವುದು ಯಾವಾಗ ನೀರಿಗೆ ಬರುತ್ತದೆಂದು ಅವರಿಗೆ ಗೊತ್ತಿತ್ತು. ಹುಲ್ಲಿನಲ್ಲಿ ಕೂತರು. ಶ್ರೀಯ ಬಾಯಿಯನ್ನು ಗಾಳೆಮ್ಮ ಸೆರಗಿನಿಂದ ಮುಚ್ಚಿದರು. ಮಂಜಿನೊಳಗಿನಿಂದ ಜಿಂಕೆ ಬಂತು. ದೊಡ್ಡ ಕೊಂಬಿನ ಗಂಡು. ತಲೆ ಎತ್ತಿ ನಮ್ಮ ಕಡೆಗೇ ನೋಡುತ್ತ ನಿಂತಿತು.

ನಾನು ಅವರ ಕೈ ನೋಡಿದೆ. ಕೈ ನಡುಗುತ್ತಿರಲಿಲ್ಲ. ಕಲ್ಲಿನ ಮೇಲಿಟ್ಟ ಕಲ್ಲಿನಂತಿತ್ತು. ಅನ್ನಪೂರ್ಣಳೂ ಅದನ್ನೇ ನೋಡಿದಳು, ಅವಳ ಕಣ್ಣು ತುಂಬಿತು.

"ಹೊಡೀರಿ," ಎಂದೆ. ಬಂದೂಕಿನ ಹೆಸರಿಗೇ ಬೆದರಿದ್ದ ನಾನು!

ಅವರು ಹೊಡೆಯಲಿಲ್ಲ. ಬಂದೂಕು ಇಳಿಸಿ ದುರ್ಬೀನು ಎತ್ತಿದರು. ಮತ್ತೆ ಬಂದೂಕು, ಮತ್ತೆ ದುರ್ಬೀನು.

"ಹಿಂದ ಏನೈತಿ ಕಾಣವಲ್ದು," ಎಂದರು.

"ಹಿಂದೆ ಏನೂ ಇಲ್ಲ, ಮಂಜು. ಇದು ಆಟ. ಇದರಲ್ಲಿ ಮನುಷ್ಯರೇ ಇಲ್ಲ, ಯಾರೂ ಇರೋದಿಲ್ಲ."

"ಅವತ್ತೂ ಹಂಗ ಅನಕೊಂಡಿದ್ದೆ."

ಜಿಂಕೆ ನೀರು ಕುಡಿದು ಹೋಯಿತು. ಲಿಂಗರಾಜ್ ಪರದೆಯತ್ತಲೇ ನೋಡುತ್ತ, ಯಾರಿಗೆಂದಿಲ್ಲದೆ ಹೇಳತೊಡಗಿದರು.

"ಮುಂದಿನ ಗಾಡಿ ಧೂಳು ಎಬ್ಬಿಸಿಕೊಂಡು ಹೋತು. ಬಾನೆಟ್ ಕಾಣ್ಲಿಲ್ಲ ನನಗ. ನಿಲ್ಲಸಬೇಕಿತ್ತು. ನಿಲ್ಲಿಸಿದ್ರ ಹಿಂದಿನವ ಗುದ್ದತಾನ, ಹಾರನ್ ಹೊಡೀತಾನ, ಟ್ರಿಪ್ಪಿನ ರೊಕ್ಕ ಹೋಗ್ತೈತಿ. ಈ ಹೊತ್ತಿನ್ಯಾಗ ಇಲ್ಲಿ ಯಾರಿರ್ತಾರ ಅನಕೊಂಡೆ. ಜಂಬಯ್ಯ ಅಂತ ಅವನ ಹೆಸರು. ಸೈಕಲ್ ಮ್ಯಾಲೆ ಹುಲ್ಲಿನ ಹೊರಿ ಇಟ್ಟುಕೊಂಡು ದಬ್ಬಿಕೊಂಡು ಹೊಂಟಿದ್ದ. ಪಾಪ, ಬಾಜೂಕ ಹೊಂಟಿದ್ದ. ಕೋರ್ಟಿನ್ಯಾಗ ಕೇಳಿದ್ರು, ಕಾಣ್ಲಿಲ್ಲೇನು ಅಂತ. ಕಾಣ್ಲಿಲ್ರಿ ಅಂದೆ. ಖರೇನ ಕಾಣ್ಲಿಲ್ಲ. ಬಿಟ್ಟುಬಿಟ್ರು."

ಗಾಳೆಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಶನಿವಾರದ ಮಾತನ್ನು ಅವರು ಆ ದಿನ ಎತ್ತಲಿಲ್ಲ. ನನಗೆ ತಿಳಿದಂತೆ ಮತ್ತೆಂದೂ ಎತ್ತಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಮರುಳಸಿದ್ದಪ್ಪನವರೇ ಬಂದರು. ಬಿಳಿ ಅಂಗಿ, ಬಿಳಿ ಜೀಪು. ಎರಡರ ಅಂಚಿಗೂ ಅದೇ ಕೆಂಪು. ಬಾಗಿಲಲ್ಲೇ ನಿಂತು ಕೂಗಿದರು.

"ಲೇ ಲಿಂಗ್ಯಾ, ಗಡ್ಡ ತಗಸೀ ಅಂತ ಕೇಳಿ ಬಂದೆ. ನಾಳೆ ಬರ್ತೀ ಹೌದಿಲ್ಲೋ?"

"ಬರ್ರಿ ಸಾವ್ಕಾರ್ರೆ, ಕುಂದರ್ರಿ."

"ಕುಂದ್ರಾಕ ಟೈಮಿಲ್ಲ. ಹೌದು ಅನ್ನು, ಹೋಗ್ತೀನಿ."

"ನಿಮ್ಮ ನೀರಿನ ಟ್ಯಾಂಕರ್‌ಗೆ ಡ್ರೈವರ್ ಅದಾನೇನ್ರೀ?"

ಗಣಿ ರಸ್ತೆಗೆ ನೀರು ಚಿಮುಕಿಸಿ ಧೂಳು ಕೂರಿಸಲೆಂದು ಸಾಹುಕಾರರ ಬಳಿ ಹಳೆಯ ಟ್ಯಾಂಕರೊಂದಿತ್ತು. ಅದನ್ನು ಓಡಿಸಲು ಯಾರೂ ಒಪ್ಪುತ್ತಿರಲಿಲ್ಲ. ಟಿಪ್ಪರಿನವರಿಗೆ ಟ್ರಿಪ್ಪಿಗಿಷ್ಟು ಎಂದು ಭತ್ಯೆ, ಟ್ಯಾಂಕರಿಗೆ ಅದಿಲ್ಲ. ಅದು ತೆವಳಿಕೊಂಡು ಹೋಗಬೇಕು, ಹಿಂದೆ ಬರುವವರೆಲ್ಲ ಬೈಯುತ್ತಾರೆ. ಹೀಗಾಗಿ ಅದು ಯಾರಾದರೂ ಅಧಿಕಾರಿಗಳು ಬರುವ ದಿನ ಮಾತ್ರ ಶೆಡ್ಡಿನಿಂದ ಹೊರಗೆ ಬರುತ್ತಿತ್ತು.

ಸಾಹುಕಾರರು ಜೋರಾಗಿ ನಕ್ಕರು. "ಹೆಂಗಸ್ರು ಮುಂಜಾನೆದ್ದು ಬಾಗಲಿಗೆ ನೀರ್ ಹಾಕಿದಂಗ ರೋಡಿಗೆ ನೀರ್ ಹಾಕ್ಕೋತ ತಿರುಗ್ತಿಯೇನಲೇ? ಹದಿನಾಕ ಗಾಲಿ ಗಾಡಿ ಹೊಡೆದಾವ ನೀನು!"

"ಹೌದ್ರಿ, ತಿರುಗ್ತೀನಿ."

"ಮಂದಿ ನಗ್ತಾರಲೇ."

"ನಗಲ್ರಿ. ಕಂಡು ನಗ್ತಾರಲ್ರಿ, ಅಷ್ಟ ಸಾಕು."

ಸಾಹುಕಾರರ ನಗು ನಿಂತಿತು. ಲಿಂಗರಾಜ್ ಕೈ ಮುಗಿದು ಮುಂದುವರಿಸಿದರು, "ಆದ್ರ ದಿನಾ ಹೊಡೀಬೇಕ್ರಿ. ಸಾಹೇಬರು ಬಂದ ದಿನ ಅಷ್ಟ ಅಲ್ಲ. ಆ ತಿರುವಿಗೆ ದಿನಾ."

ಮರುಳಸಿದ್ದಪ್ಪನವರಿಗೂ ಆ ತಿರುವು ಗೊತ್ತಿತ್ತು. ಕೋರ್ಟಿಗೆ ಅಲೆದವರಲ್ಲಿ ಅವರೂ ಒಬ್ಬರು. "ನಿನ್ನ ಹಣೇಬರ," ಎಂದು ಜೀಪು ಹತ್ತಿದರು. ಹತ್ತಿದ ಮೇಲೆ ಗಾಜು ಇಳಿಸಿ ಅಂದರು: "ನಾಳೆ ಶೆಡ್ಡಿಗೆ ಬಂದು ಕೀಲಿ ಇಸ್ಕೋ. ಬ್ಯಾಟರಿ ಸತ್ತೈತಿ ಅದರದು, ನೋಡ್ಕೋ."

ಅಮಾವಾಸ್ಯೆಯ ದಿನ ಆ ಟ್ಯಾಂಕರ್ ಓಣಿಯ ಬಾಯಿಗೆ ಬಂದು ನಿಂತಿತು. ಕೀಲಿ ಪಡೆದವರು ಲಿಂಗರಾಜರೇ ಆದರೂ, ಶೆಡ್ಡಿನಿಂದ ಅಲ್ಲಿಯವರೆಗೆ ಅದನ್ನು ಓಡಿಸಿ ತಂದವನು ಬೇರೊಬ್ಬ ಡ್ರೈವರ್. ನಾನು ಕಿಟಕಿಯ ಒದ್ದೆ ಸೀರೆಯ ಮೂಲೆ ಎತ್ತಿ ನೋಡುತ್ತಿದ್ದೆ. ಗಾಳೆಮ್ಮ ಗಾಲಿಗೆ ನಿಂಬೆಹಣ್ಣು ಇಟ್ಟರು. ಅನ್ನಪೂರ್ಣ ಬುತ್ತಿ ಹಿಡಿದು ನಿಂತಿದ್ದಳು. ಲಿಂಗರಾಜ್ ಮೆಟ್ಟಿಲಿಗೆ ಕಾಲಿಟ್ಟರು, ತೆಗೆದರು. ಗಾಡಿಯ ಸುತ್ತ ಒಂದು ಸುತ್ತು ಬಂದರು. ಬಾಗಿ ಅಡಿಯಲ್ಲಿ ನೋಡಿದರು. ಹಿಂದೆ ಹೋಗಿ ನೋಡಿದರು. ಮುಂದಿನ ಗಾಜನ್ನು ಹೆಗಲ ಟವೆಲಿನಿಂದ ಒರೆಸಿದರು. ಮತ್ತೆ ಕಾಲಿಟ್ಟರು, ಮತ್ತೆ ತೆಗೆದರು. ಓಣಿಯ ಜನ ನೋಡುತ್ತಿದ್ದರು, ಒಬ್ಬರು ಏನೋ ಅಂದು ನಕ್ಕರು. ಅನ್ನಪೂರ್ಣ ಬುತ್ತಿಯನ್ನು ತಾನೇ ಮೇಲಕ್ಕೆ ಚಾಚಿ ಸೀಟಿನ ಮೇಲಿಟ್ಟು ಹಿಂದೆ ಸರಿದು ನಿಂತಳು. ಆಗ ಅವರು ಹತ್ತಿದರು.

ನಿಂಬೆಹಣ್ಣು ಅಪ್ಪಚ್ಚಿಯಾದ ಸದ್ದು ಕೇಳಲಿಲ್ಲ. ಟ್ಯಾಂಕರ್ ನೀರು ತುಂಬಿಕೊಳ್ಳಲು ಸೈಕಲ್ಲಿಗಿಂತ ನಿಧಾನವಾಗಿ ಕಾಲುವೆಯ ಕಡೆಗೆ ಹೊರಳಿತು.

ಆ ಸಂಜೆ ಜೀಪು ಹೊತ್ತಿಗೆ ಸರಿಯಾಗಿ ಬರಲಿಲ್ಲ. ನಾನು ಒಳಗೂ ಹೊರಗೂ ಓಡಾಡಿದೆ. ಹಾಲು ಉಕ್ಕಿಸಿದೆ. ನನ್ನ ಕೈಯಿಂದ ಕೊಂಡ ಬಂದೂಕು, ನನ್ನ ಬಾಯಿಂದ ಬಂದ 'ಹೊಡೀರಿ' ಎರಡೂ ತಲೆಯಿಂದ ಇಳಿಯಲಿಲ್ಲ. ಹಿಂದಿನ ಭಾಗದಲ್ಲಿ ಹೊಲಿಗೆ ಮಿಷನ್ನಿನ ಸದ್ದೂ ಇರಲಿಲ್ಲ. ಅನ್ನಪೂರ್ಣಳೂ ಕಾಯುತ್ತಿದ್ದಳು.

ದೀಪ ಹಚ್ಚಿದ ಮೇಲೆ ಪ್ರಾಣೇಶ್ ಬಂದರು. ಸಿಟ್ಟಿನಲ್ಲಿದ್ದರು. ಚಪ್ಪಲಿ ಬಿಡುತ್ತಲೇ ಶುರು ಮಾಡಿದರು.

"ಯಾವನೋ ನೀರಿನ ಟ್ಯಾಂಕರಿನವನು, ಮಾಧವಿ, ಹಿಂದಿನಿಂದ ಮುಖ ಕಾಣಲಿಲ್ಲ. ಆ ತಿರುವಿನಲ್ಲಿ ಇರುವೆ ಹರಿದ ಹಾಗೆ ಹೋಗ್ತಿದ್ದಾನೆ. ಎಷ್ಟು ಹಾರನ್ ಹೊಡೆದರೂ ದಾರಿ ಬಿಡೋದಿಲ್ಲ. ಹಿಂದೆ ಮೈಲುದ್ದ ಲಾರಿ. ಎಲ್ಲರೂ ಬೈತಿದ್ದಾರೆ, ಅವನು ಮಾತ್ರ ಕತ್ತು ಹೊರಗೆ ಹಾಕಿ ಆ ಕಡೆ ಈ ಕಡೆ ನೋಡ್ಕೊಂಡು ಹೋಗ್ತಾನೆ. ತಲೆ ಸರಿ ಇದೆಯೋ ಇಲ್ಲವೋ!"

ಅವರ ಪ್ಯಾಂಟಿನ ಅಂಚಿಗೆ ಕೆಂಪು ಕೆಸರು ಹಾರಿತ್ತು. ಪ್ಯಾಂಟನ್ನು ನೀರಿಗೆ ಹಾಕಲು ಹಿತ್ತಲಿಗೆ ಹೋದೆ. ಗೋಡೆಯ ಆಚೆ ಮಿಷನ್ನು ಇನ್ನೂ ಮೌನವಾಗಿತ್ತು.

"ಅನ್ನಪೂರ್ಣಾ," ಎಂದು ಕೂಗಿದೆ, "ತಿರುವು ದಾಟಿದ್ದಾರಂತೆ. ಬಹಳ ನಿಧಾನವಂತೆ. ಇವರು ಬೈತಿದ್ದಾರೆ."

ಗೋಡೆಯಾಚೆ ಅವಳು ಒಲೆಗೆ ಕಟ್ಟಿಗೆ ಮುರಿದು ಹಾಕುವ ಸದ್ದು ಕೇಳಿತು.